ಸ್ಟೂಲಿನ ಮೇಲಿನ ಎಡಗಾಲು

ನನ್ನ ಗಂಡ ಶಾಂತಲಿಂಗಪ್ಪನವರು ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರಿ. ಅಂಗಡಿಗೆ ಬರೇ ದರ ಕೇಳಲು ಬಂದವರಿಗೂ ಗಾದಿಯಿಂದ ಎದ್ದು ನಮಸ್ಕಾರ ಮಾಡುವ ಮನುಷ್ಯ. ಅಂಥವರು ಮಗಳನ್ನು ನೋಡಲು ಬಂದವರ ಮುಂದೆ ಕುರ್ಚಿ ಬಿಟ್ಟು ಏಳಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಕಾರಣ ಕ್ರಿಕೆಟ್ಟು. ಅದರಲ್ಲೂ ಟೆಸ್ಟ್ ಮ್ಯಾಚು. ಬೇರೆ ಆಟ ಒಂದು ಸಂಜೆಗೆ ಮುಗಿಯುತ್ತದೆ. ಇದು ಐದು ದಿನ ಮನೆಯಲ್ಲಿ ಬೀಡು ಬಿಡುತ್ತದೆ. ಆ ವಾರ ನಮ್ಮವರು ಇಂಗ್ಲೆಂಡಿನಲ್ಲಿ ಆಡುತ್ತಿದ್ದರು. ನಮ್ಮ ಕಡೆಯ ಹುಡುಗನೊಬ್ಬ ಹಿಂದಿನ ದಿನದಿಂದ ಔಟಾಗದೆ ನಿಂತಿದ್ದ. ಎಷ್ಟೋ ವರ್ಷಗಳಿಂದ ಯಾರೂ ಮುರಿಯದ ಒಂದು ದಾಖಲೆಯ ಹತ್ತಿರ ಬಂದಿದ್ದನಂತೆ. ಅವನು ಬ್ಯಾಟು ಹಿಡಿದು ಇಳಿದಾಗ ಇವರು ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ನಡುವೆ ನೀರು ಕುಡಿಯಲು ಎದ್ದರು, ಆ ಹುಡುಗನ ಜೊತೆಗಾರ ಔಟಾದ. ಮುಗಿಯಿತು. ಅಲ್ಲಿಂದ ದೇಶದ ಮಾನವೆಲ್ಲ ನನ್ನ ಗಂಡನ ಎಡಗಾಲಿಗೆ ಬಂದು ನಿಂತಿತು. ಆಟ ನಡೆಯುವಾಗ ಆ ಕಾಲು ಕದಲಬಾರದು. ಊಟಕ್ಕೋ ಚಹಾಕ್ಕೋ ಆಟ ನಿಂತಾಗ ಮಾತ್ರ ಇಳಿಯಬಹುದು.

ಅವನು ಆಡಲು ಇಳಿದ ಮರುದಿನ ಸಂಜೆ ಮಗಳು ಶುಭಾಂಗಿಯನ್ನು ನೋಡಲು ವಾಗದರಿಯ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಕಾಂತೇಶ, ಅಕ್ಕಲಕೋಟದಲ್ಲಿ ಪಂಪು-ಪೈಪಿನ ಅಂಗಡಿ ಇಟ್ಟಿದ್ದಾನೆ, ಮನೆತನ ಒಕ್ಕಲುತನದ್ದು. ಹುಡುಗ ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಹಿರಿಯರು ಬಂದು, ಅವಲಕ್ಕಿಯ ಪೋಹೆ ತಿಂದು, ಹೂಂ ಅನ್ನುವುದೊಂದು ಬಾಕಿ. ಆ ಮನೆಯಲ್ಲಿ ಹೂಂ ಅನ್ನುವವರು ಹುಡುಗನ ಅಜ್ಜಿ ಗುರಮ್ಮ ಎಂದು ಶುಭಾಂಗಿ ಮೊದಲೇ ಹೇಳಿದ್ದಳು. ಹಳೆಯ ಕಾಲದ ಹೆಣ್ಣುಮಗಳು. ಇಂಥವರು ಬಾಗಿಲಿಗೆ ಬಂದರೆ ಮನೆಯ ಯಜಮಾನನೇ ಎದ್ದು ಹೋಗಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆತರಬೇಕು. ಪೋಹೆಗೆ ಉಪ್ಪು ಹೆಚ್ಚಾದರೆ ನಡೆದೀತು, ಇದು ತಪ್ಪಿದರೆ ನಡೆಯುವುದಿಲ್ಲ.

ಟಿವಿಯನ್ನು ನಾನೇ ಬಂದ್ ಮಾಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಗೋಡೆಯ ಕಡೆಗಿದ್ದ ಕಿವಿಯಲ್ಲಿ ಶುಭಾಂಗಿಯ ಬಿಳಿ ಇಯರ್‌ಬಡ್ ಸಿಕ್ಕಿಸಿಕೊಂಡಿದ್ದರು. ಅದರೊಳಗೆ ಇಂಗ್ಲೆಂಡಿನ ಮ್ಯಾಚು ನಡೆದೇ ಇತ್ತು.

ಹೊರಗೆ ಜೀಪು ನಿಂತ ಸದ್ದಾಯಿತು.

"ಏಳ್ರಿ, ಬಂದ್ರು," ಅಂದೆ.

"ನೀನ ನೀರ ಕೊಡು. ಇನ್ನ ಸ್ವಲ್ಪ ಐತಿ."

"ನಾ ಕೊಟ್ರ ಹ್ಯಾಂಗ ನಡೀತೈತ್ರಿ? ಮಗಳ ಲಗ್ನದ ಮಾತ ಇದು!"

"ಈಗ ಎದ್ರ ಅಂವ ಔಟ್ ಆಗ್ತಾನ. ನಿನ್ನ ಕೈ ಮುಗೀತೀನಿ, ಹೋಗು."

ನಿಜಕ್ಕೂ ಕೈ ಮುಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಗಿಲಲ್ಲಿ ಜನ ನಿಂತಿದ್ದರು, ಜಗಳಕ್ಕೆ ಪುರಸೊತ್ತಿರಲಿಲ್ಲ. ತಂಬಿಗೆ ಹಿಡಿದು ನಾನೇ ಹೋದೆ.

ಕಾಂತೇಶ, ಅವನ ತಂದೆ ಸಾಯಬಣ್ಣ, ಇಳಕಲ್ ಸೀರೆಯ ಗುರಮ್ಮ, ಮೂವರೇ ಬಂದಿದ್ದರು. ಹುಡುಗನ ತಾಯಿ ನಂದಾಗೆ ಮೊಣಕಾಲು ಸವೆದು ನಡೆಯಲಾಗುತ್ತಿರಲಿಲ್ಲ. ಬರುವ ಸೋಮವಾರ ಸೊಲ್ಲಾಪುರದಲ್ಲೇ ಅವಳಿಗೆ ಆಪರೇಶನ್ ಇತ್ತು. ನಾನು ತಂಬಿಗೆ ಚಾಚಿದೆ. ಗುರಮ್ಮ ಅದನ್ನು ತೆಗೆದುಕೊಳ್ಳಲಿಲ್ಲ.

"ಯಜಮಾನ್ರು ಮನ್ಯಾಗ ಇಲ್ಲೇನವಾ?"

ಒಳಗಿನಿಂದ ದನಿ ಬಂತು. "ಅದೀನ್ರಿ ಆಯಿ! ಏಳಾಕ ಬರವಲ್ತ್ರಿ. ಮೊಣಕಾಲ ಹಿಡದೈತಿ."

ಅವರೆಲ್ಲ ಬಾಗಿಲಿಂದಲೇ ಸ್ಟೂಲಿನ ಮೇಲಿನ ಕಾಲನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಹೌದ್ರಿ," ಅಂದೆ. "ನಿನ್ನಿಯಿಂದ."

ಗುರಮ್ಮನ ಮುಖದ ಬಿಗುಪು ಸಡಿಲಿತು. ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದವರು ಸೋಫಾದ ಕಡೆ ತಿರುಗಿಯೂ ನೋಡಲಿಲ್ಲ. ನೇರ ಸ್ಟೂಲಿನ ಹತ್ತಿರ ಹೋಗಿ ಫರಸಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

"ಯವ್ವಾ, ಬ್ಯಾಡ," ಎಂದು ಸಾಯಬಣ್ಣ ಮುಜುಗರದಿಂದ ಅಂದ. ನನ್ನ ಕಡೆ ತಿರುಗಿ, "ಮೊದ್ಲ ಹನ್ನೂರ, ದುಧನಿ ಅಂಥಾ ಊರಿಂದೆಲ್ಲಾ ಮಂದಿ ಉಳುಕ ತಗಸಾಕ ಇಕಿ ಕಡೆ ಬರ್ತಿದ್ರು. ಈಗ ಯಾರೂ ಬರೂದಿಲ್ಲ. ನಮ್ಮ ನಂದಾನ ಕಾಲಿಗಿ ಭಾಳ ದಿನ ತಿಕ್ಕಿದ್ಳು, ಏನೂ ಆಗಲಿಲ್ಲ. ಅವಾಗಿಂದ ನನ್ನ ಕೈ ಹೋತು ಅಂತ ಕುಂತಾಳ."

"ಕುಸುಬಿ ಎಣ್ಣಿ ಐತೇನವಾ?" ಗುರಮ್ಮ ನನ್ನನ್ನು ಕೇಳಿದರು. "ಬೆಚ್ಚಗ ಮಾಡಿ ತಾ."

ಇಲ್ಲ ಅನ್ನಬಹುದಿತ್ತು. ನಾನು ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ಎಣ್ಣೆ ಸುರಿದು ಒಲೆ ಹಚ್ಚಿದೆ. ಪೋಹೆಯ ತಾಟು ಹಿಡಿದು ನಿಂತಿದ್ದ ಶುಭಾಂಗಿಯ ಕಣ್ಣು ಕೆಂಪಾಗಿತ್ತು.

"ಮಮ್ಮಿ, ಖರೇ ಹೇಳಿಬಿಡು ಅವರಿಗಿ."

"ಈಗ ಹೇಳಿದ್ರ ಎದ್ದ ಹೋಗ್ತಾರ. ಸುಮ್ನಿರು."

ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಪಾದ ತೊಳೆಯುತ್ತಾರೆ. ಈ ಪದ್ಧತಿ ನನಗೆ ಎಂದೂ ಹಿಡಿಸಿಲ್ಲ, ಅದು ಬೇರೆ ಮಾತು. ಆದರೆ ನಾನು ಎಣ್ಣೆ ತಂದಾಗ ಕಂಡದ್ದು ಅದಕ್ಕಿಂತ ಕೆಟ್ಟದಾಗಿತ್ತು. ತಲೆಯೆಲ್ಲ ಬೆಳ್ಳಗಾದ ಹೆಣ್ಣುಮಗಳು ನೆಲದ ಮೇಲೆ ಕೂತು, ಸ್ಟೂಲಿನ ಮೇಲಿದ್ದ ಗಟ್ಟಿಮುಟ್ಟಾದ ಗಂಡಸಿನ ಕಾಲನ್ನು ಎರಡೂ ಕೈಯಿಂದ ಒತ್ತುತ್ತಿದ್ದಳು. ನನಗೆ ಫರಸಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಬಟ್ಟಲನ್ನು ಅವರ ಪಕ್ಕಕ್ಕೆ ಇಟ್ಟೆ.

ಶುಭಾಂಗಿ ತಾಟನ್ನು ಟೀಪಾಯಿಯ ಮೇಲೆ ಇಟ್ಟವಳೇ ಗುರಮ್ಮನ ಬಳಿ ಕೂತಳು. "ಆಯಿ, ನಾ ಹಚ್ತೀನ್ರಿ. ನೀವ ಮ್ಯಾಲ ಕೂಡ್ರಿ."

"ನಿನಗ ನರ ಗೊತ್ತಾಗಂಗಿಲ್ಲವಾ."

ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಆ ನೋಟ ತಾಳಲಾರದೆ ಅವರು ಕಣ್ಣು ಮುಚ್ಚಿದರು. ನೋವಿಗೆ ಹಾಗೆ ಮಾಡಿದರೆಂದು ಗುರಮ್ಮ ತಿಳಿದರು.

"ಇಲ್ಲೇ ಐತಿ ನೋಡ. ತಡಕೋ ಯಪ್ಪಾ, ತಡಕೋ." ಉಸಿರು ಬಿಗಿಹಿಡಿದು ಹೆಬ್ಬೆರಳನ್ನು ಮೊಣಕಾಲಿನ ಬದಿಗೆ ಒತ್ತಿದರು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ಹುಡುಗ ದಾಖಲೆ ಮುರಿದ. ನಮಗೆ ಗೊತ್ತಾದದ್ದು ಹೇಗೆಂದರೆ, ನನ್ನ ಗಂಡ "ಆಹಾ!" ಎಂದು ಕೂಗಿ, ಕೈ ಎರಡೂ ಮೇಲೆತ್ತಿ, ಎರಡೂ ಕಾಲಿನ ಮೇಲೆ ಚಂಗನೆ ಎದ್ದು ನಿಂತರು. ಸ್ಟೂಲು ಉರುಳಿತು. ಕಿವಿಯ ಇಯರ್‌ಬಡ್ ಜಾರಿ ಕಾಂತೇಶನ ಪಾದದ ಬಳಿ ಬಿತ್ತು.

"ನಿಂತ್ರು!" ಗುರಮ್ಮ ಚೀರಿದರು. "ಸಾಯಬಣ್ಣಾ, ನೋಡೋ, ನಿಂತ್ರು! ನನ್ನ ಕೈ ಹೋಗಿಲ್ಲೋ!"

ಆ ಎಣ್ಣೆಗೈಗಳನ್ನೇ ಕಣ್ಣಿಗೆ ಒತ್ತಿಕೊಂಡು ಅಳತೊಡಗಿದರು. ಸಾಯಬಣ್ಣ ಬೆರಗಾಗಿ ತಾಯಿಗೆ ಕೈ ಮುಗಿದ. ಕಾಂತೇಶ ಮಾತ್ರ ಬಗ್ಗಿ ಇಯರ್‌ಬಡ್ ಎತ್ತಿಕೊಂಡ. ಒಂದು ಗಳಿಗೆ ಕಿವಿಯ ಹತ್ತಿರ ಹಿಡಿದ, ಆಮೇಲೆ ಮುಷ್ಟಿಯಲ್ಲಿ ಮುಚ್ಚಿಕೊಂಡ.

ನನ್ನ ಗಂಡ ಎತ್ತಿದ ಕೈಗಳನ್ನು ಮೆಲ್ಲಗೆ ಇಳಿಸಿದರು. "ಹೌದ್ರಿ ಆಯಿ," ಅಂದರು. "ಹಗರ ಆತ್ರಿ."

ಅಲ್ಲಿಗೆ ನಿಂತಿದ್ದರೆ ನಾವು ಆ ಸುಳ್ಳನ್ನು ನುಂಗಿಕೊಂಡು ಲಗ್ನ ಮುಗಿಸಿಬಿಡುತ್ತಿದ್ದೆವೋ ಏನೋ. ಆದರೆ ಗುರಮ್ಮ ಕಣ್ಣೊರೆಸಿಕೊಂಡು ಮಗನಿಗೆ ಹೇಳಿದರು, "ನಂದಾಗ ಫೋನ್ ಹಚ್ಚು. ಸೋಮವಾರ ಆಪರೇಶನ್ ಬ್ಯಾಡ ಅನ್ನು. ನಾನ ತಿಕ್ತೀನಿ."

ಸಾಯಬಣ್ಣನಿಗೂ ಆ ಆಪರೇಶನ್ನಿನ ಹೆದರಿಕೆ ಇತ್ತೆಂದು ಕಾಣುತ್ತದೆ. ತಡಮಾಡದೆ ಫೋನ್ ಹಚ್ಚಿ, ನಡೆದದ್ದನ್ನು ಹೇಳಿ, ತಾಯಿಗೆ ಕೇಳಲೆಂದು ಸ್ಪೀಕರ್ ಹಾಕಿದ.

"ಖರೇನ್ರಿ ಅತ್ತಿ?" ನಂದಾಳ ದನಿ ಕೋಣೆ ತುಂಬ ಕೇಳಿಸಿತು. "ಕೊಯ್ಯೂದು ಬ್ಯಾಡೇನ್ರಿ? ನನಗ ಅಂಜಿಕಿ ಬಂದ ನಿದ್ದಿನ ಹತ್ತವಲ್ದಾಗಿತ್ರಿ."

ಕಾಂತೇಶ ಎದ್ದು ನಿಂತ. ಮುಷ್ಟಿ ಹಾಗೇ ಇತ್ತು. ಹಿರಿಯರು ತಾವೇ ಹೇಳಲಿ ಎಂದು ಅವನು ಕಾಯುತ್ತಿದ್ದ; ಬಹಳ ಹೊತ್ತು ಕಾಯುವುದಿಲ್ಲವೆಂಬುದೂ ಅವನ ಮುಖದಲ್ಲಿ ಕಾಣುತ್ತಿತ್ತು. ನನ್ನ ಗಂಡ ಅವನನ್ನು ನೋಡಿದರು, ಮಗಳನ್ನು ನೋಡಿದರು.

"ಫೋನ್ ಇಡಬ್ಯಾಡ್ರಿ," ಅಂದರು. "ನಂದಾಬಾಯಿ, ನೀವ ಆಪರೇಶನ್ ಮಾಡಿಸ್ಕೋರಿ. ನನ್ನ ಕಾಲಿಗಿ ಏನೂ ಆಗಿದ್ದಿಲ್ಲ. ಮ್ಯಾಚ್ ಕೇಳಾಕತ್ತಿದ್ದೆ. ಎದ್ರ ಆಡೂ ಹುಡುಗ ಔಟ್ ಆಗ್ತಾನಂತ ಕೂತಿದ್ದೆ. ಆಯಿ ಮುಂದ ಸುಳ್ಳ ಹೇಳಿದೆ."

ಸಾಯಬಣ್ಣನ ಮುಖ ಕಪ್ಪಿಟ್ಟಿತು. ನಾನೂ ಸುಳ್ಳು ಹೇಳಿದ್ದೆ. ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ತಪ್ಪೆಲ್ಲ ಅವರ ತಲೆಗೇ ಹೋಗಲೆಂದು ಬಿಟ್ಟೆ.

ಗುರಮ್ಮ ನೆಲದ ಮೇಲೆಯೇ ಕೂತಿದ್ದರು. ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿದರು. ನನ್ನ ಗಂಡ ಅವರ ಪಾದ ಮುಟ್ಟಲು ಬಗ್ಗಿದಾಗ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಎಷ್ಟ ಹೊಡದನಪಾ ಆ ಹುಡುಗ?" ಎಂದು ಕೇಳಿದರು.

ಬೈದಿದ್ದರೆ ಚೆನ್ನಾಗಿತ್ತು. ನನ್ನ ಗಂಡನಿಗೆ ತಾನು ಹುಟ್ಟುವ ಮೊದಲಿನ ಮ್ಯಾಚುಗಳ ರನ್ನುಗಳೂ ಬಾಯಿಪಾಠ. ಆ ಒಂದು ಸಂಖ್ಯೆಗಾಗಿ ಎರಡು ದಿನ ಕಾಲು ಚಾಚಿ ಕೂತವರು. ಹೇಳಲಾಗಲಿಲ್ಲ.

ಗುರಮ್ಮ ಶುಭಾಂಗಿಯ ಕೈ ಹಿಡಿದು ಎದ್ದರು. "ಸಾಯಬಣ್ಣಾ, ನಂದಾಗ ಹೇಳು. ಸೋಮವಾರ ದವಾಖಾನಿಗಿ ಹೋಗೂದೈತಿ." ಪೋಹೆಯನ್ನು ಯಾರೂ ಮುಟ್ಟಲಿಲ್ಲ. ಕಾಂತೇಶ ಇಯರ್‌ಬಡ್ಡನ್ನು ಟೀಪಾಯಿಯ ಮೇಲೆ, ತಾಟಿನ ಪಕ್ಕ ಇಟ್ಟ.

ನನ್ನ ಗಂಡ ಬರಿಗಾಲಲ್ಲೇ ಜೀಪಿನತನಕ ಅವರ ಹಿಂದೆ ಹೋದರು, ನಾನೂ ಶುಭಾಂಗಿಯೂ ಹೋದೆವು. ಹತ್ತುವ ಮುನ್ನ ಗುರಮ್ಮ ಶುಭಾಂಗಿಯ ಗಲ್ಲವನ್ನು ಎಣ್ಣೆ ಹತ್ತದಂತೆ ಹಿಂಗೈಯಿಂದ ಸವರಿದರು. ಆಮೇಲೆ ಇವರಿಗೆ ಹೇಳಿದರು, "ಮುಂದಿನ ಸಲ ಬಾಗಲಕ ಬರ್ರಿ. ನೀವ ಬರೂತನಕಾ ನಾ ಹೊರಗ ನಿಂತಿರ್ತೀನಿ."

ಮುಂದಿನ ಸಲ ಎಂದರಲ್ಲ ಎಂದು ನನಗೆ ಜೀವ ಬಂದಂತಾಯಿತು. ನಾಚಿಕೆಯೆಲ್ಲ ಗಂಡನದು, ಸಂಬಂಧ ಉಳಿದದ್ದು ನನ್ನ ಪುಣ್ಯ ಅಂದುಕೊಂಡು ಮುಂದೆ ಹೋಗಿ ಕೈ ಮುಗಿದೆ.

ಗುರಮ್ಮ ನನ್ನ ಕಡೆ ತಿರುಗಿದರು.

"ಎಣ್ಣಿ ಹದಕ್ಕ ಬೆಚ್ಚಗ ಮಾಡಿದ್ದಿ ಅವಾ," ಅಂದರು.