ಕೊಯ್ಯದ ಹಲಗೆಗಳು

ಎಳೆದ ರಭಸಕ್ಕೆ ಕಪಾಟಿನ ಬಾಗಿಲು ತಿರುಪಿನ ಸಮೇತ ಶೇಖವ್ವನ ಕೈಗೇ ಬಂತು. ಅದನ್ನು ಬಚ್ಚಲ ಗೋಡೆಗೆ ಒರಗಿಸಿ, ಉಬ್ಬಿ ಬಾಯಿಬಿಟ್ಟ ಅರೆಗಳ ನಡುವೆ ಕೈ ತೂರಿಸಿ ಹಸಿರು ಇಳಕಲ್ ಸೀರೆಗಾಗಿ ತಡಕಾಡಿದಳು. ಒಳಗೆ ನಾದಿನಿ ಜಯವ್ವನ ಹೆಣಕ್ಕೆ ನೀರು ಹಾಕಿಯಾಗಿತ್ತು. ಉಡಿಸುವುದೊಂದು ಬಾಕಿ.

"ಲಗೂ ತಾರವ್ವ ಶೇಖವ್ವ, ಮೈ ಸೆಟದ ಹೋಗಾಕತ್ತೈತಿ," ಎಂದು ಪಕ್ಕದ ಮನೆಯ ಫಕ್ಕೀರವ್ವ ಒಳಗಿನಿಂದ ಕೂಗಿದಳು.

ಸೀರೆ ಕೆಳಗಿನ ಅರೆಯಲ್ಲಿತ್ತು. ಮಡಿಕೆಯ ಅಂಚಿಗೆಲ್ಲ ಪಸೆಯ ಕಂದು ಕಲೆ, ಅದಕ್ಕೆ ಅಂಟಿದ ಕಟ್ಟಿಗೆ ಹೊಟ್ಟು. ಶೇಖವ್ವ ಅಲ್ಲೇ ಕೊಡವಿದಳು, ಸೆರಗಿನಿಂದ ಒರೆಸಿದಳು. ಕಲೆ ಹೋಗಲಿಲ್ಲ. ಒಳಗೆ ಒಯ್ದು ಬಿಚ್ಚಿದ್ದೇ ತಡ, ಹೆಣದ ಸುತ್ತ ಕೂತ ಹೆಂಗಸರು ಒಬ್ಬರಾದ ಮೇಲೊಬ್ಬರು ಸೀನತೊಡಗಿದರು.

"ಸತ್ತ ಮ್ಯಾಲೂ ಮೆಣಸಿನಕಾಯಿ ಘಾಟು ಇಕೀನ್ನ ಬಿಡ್ಲಿಲ್ಲ ನೋಡ್ರಿ," ಎಂದು ಫಕ್ಕೀರವ್ವ ಕಣ್ಣೊರೆಸಿಕೊಂಡಳು. ಯಾರ ಕಣ್ಣೀರು ದುಃಖದ್ದು, ಯಾರದು ಘಾಟಿನದು ಎಂದು ಹೇಳುವಂತಿರಲಿಲ್ಲ.

ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಜಯವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಈ ಮನೆಯ ಪಡಸಾಲೆಯಲ್ಲಿ ಎಲ್ಲರ ನಡುವೆ ಅವಳು ಕೂತಿದ್ದನ್ನು ಶೇಖವ್ವ ನೋಡಿದ್ದು ಅವತ್ತೇ ಮೊದಲು.

*

ಜಯವ್ವನನ್ನು ಹೊಸರಿತ್ತಿಗೆ ಕೊಟ್ಟಿದ್ದರು. ಮದುವೆಯ ಮರುವರ್ಷವೇ ಗಂಡ ತೀರಿಕೊಂಡ. ಒಂದು ಟ್ರಂಕು ಹಿಡಿದುಕೊಂಡು ಬ್ಯಾಡಗಿಗೆ, ಅಣ್ಣ ಚಂದ್ರಪ್ಪನ ಮನೆಗೆ ಬಂದಳು. ಟ್ರಂಕಿನಲ್ಲಿ ಜೋಳ ತುಂಬಿಡಲು ಅನುಕೂಲವಾಯಿತು. ಅವಳ ಬಟ್ಟೆ ಒಂದು ಗಂಟಾಗಿ ಮೂಲೆ ಸೇರಿತು.

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗತೊಡಗಿದ ಮೇಲೆ ಆ ಗಂಟು ಮೂಲೆಯಲ್ಲೂ ಇರದಂತಾಯಿತು. ಸಂಜೆ ಅವಳು ಒಳಗೆ ಬಂದರೆ ತೊಟ್ಟಿಲಲ್ಲಿದ್ದ ಅಣ್ಣನ ಮಗಳು ಸುಚಿತ್ರಾ ಕೆಮ್ಮಿ ಕೆಮ್ಮಿ ಕೆಂಪಾಗುತ್ತಿದ್ದಳು. "ನಿನ್ನ ಅರಿವಿ ಬ್ಯಾರೆ ಕಡೆ ಇಡ ಜಯವ್ವ, ಕೂಸಿಗೆ ತ್ರಾಸ ಆಗತೈತಿ," ಎಂದವಳು ಶೇಖವ್ವನೇ. ಯಾವುದೋ ಅಂಗಡಿಯವರು ಹೊರಹಾಕಿದ್ದ ಪಾರ್ಟಿಕಲ್ ಬೋರ್ಡಿನ ಕಪಾಟನ್ನು ಚಂದ್ರಪ್ಪ ಬಚ್ಚಲ ಗೋಡೆಯ ಬದಿಗೆ ತಂದು ನಿಲ್ಲಿಸಿದ. ಮೊದಲ ಮಳೆಗಾಲಕ್ಕೇ ಅದರ ಕಾಲು ನೀರು ಕುಡಿದು ಉಬ್ಬಿದವು. ಕೂಸು ಬೆಳೆದು ಕಾಲೇಜಿಗೆ ಹೋದರೂ ಕಪಾಟು ಅಲ್ಲೇ ಇತ್ತು.

"ವೈನಿ, ನೀರಿಗೆ ಉಬ್ಬಲಾರದ್ದು ಒಂದು ಕಪಾಟ ಮಾಡಸ್ತೇನಿ," ಎಂದು ಜಯವ್ವ ಪ್ರತಿ ಸುಗ್ಗಿಗೂ ಅನ್ನುತ್ತಿದ್ದಳು. ಪ್ರತಿ ಸುಗ್ಗಿಗೂ ಮನೆಗೆ ಬೇರೇನೋ ಬೇಕಾಗುತ್ತಿತ್ತು.

*

ಈ ವರ್ಷ ಮಳೆಗಾಲದ ಮೊದಲಿಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹುಬ್ಬಳ್ಳಿಗೆ ಕರೆದೊಯ್ದರು. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೇ ಒಳಗೆ ಕರೆದು, ಗಡ್ಡೆ ಎಲ್ಲ ಕಡೆ ಹಬ್ಬಿದೆ, ದೀಪಾವಳಿ ಕಂಡರೆ ಹೆಚ್ಚು ಎಂದರು. ಹೊರಗೆ ಬರುವಾಗ ಚಂದ್ರಪ್ಪ ಹೆಂಡತಿಯ ಕೈ ಹಿಡಿದು ನಿಲ್ಲಿಸಿದ. "ಆಕಿಗೆ ಹೇಳಬ್ಯಾಡ. ಅಂಜಿ ಇವತ್ತ ಸಾಯ್ತಾಳ."

ಹುಣ್ಣಾಗಿದೆ, ಗುಳಿಗೆ ತಗೊಂಡರೆ ಹೋಗುತ್ತದೆ ಎಂದು ಹೇಳಿದರು. ಜಯವ್ವ ತಲೆಯಾಡಿಸಿದಳು. ಹಿಂದಿರುಗುವಾಗ ಹಾವೇರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಹಾವೇರಿ ಜಿಲ್ಲೆಯಾದ ಮೇಲೆ ಅಲ್ಲಿ ಹೊಸ ಹೊಸ ಅಂಗಡಿಗಳು ಎದ್ದಿದ್ದವು. ಬಸ್‌ಸ್ಟ್ಯಾಂಡಿನ ಎದುರಿಗೇ ಒಂದು ಪ್ಲೈವುಡ್ ಅಂಗಡಿ. ಜಯವ್ವ ಅದನ್ನು ನೋಡುತ್ತ ನಿಂತಳು.

"ಅಣ್ಣಾ, ಹೆಂಗೂ ಬಂದೇವಿ. ಹಲಿಗಿ ತಗೊಂಡ ಹೋಗೂಣು."

ಚಂದ್ರಪ್ಪ ಅವಳ ಹಿಂದೆ ರಸ್ತೆ ದಾಟಿದ. ಅಂಗಡಿಯ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತು ಬೀಡಿ ಹಚ್ಚಿದ.

ಅಂಗಡಿಯವನು ಮೂರು ತುಂಡುಗಳನ್ನು ತಂದಿಟ್ಟ. "ಇದು ಪಾರ್ಟಿಕಲ್ ಬೋರ್ಡ್ರಿ, ಹೊಟ್ಟು ಒತ್ತಿ ಮಾಡಿದ್ದು."

"ಅದರ ರುಚಿ ನೋಡೇನ್ರಿ," ಎಂದು ಜಯವ್ವ ಬದಿಗೆ ಸರಿಸಿದಳು.

"ಇದು ಎಂಡಿಎಫ್, ಕಟ್ಟಿಗಿ ನಾರು ಒತ್ತಿ ಮಾಡಿದ್ದು. ಮೈ ನುಣಪ ಐತಿ, ಬಣ್ಣ ಚಲೋ ಕುಂದರತೈತಿ. ಖರೇ ಹೇಳ್ತೇನ್ರಿ, ಇದೂ ನೀರಿಗೆ ತಡಿಯಂಗಿಲ್ಲ. ಸ್ಕ್ರೂ ಒಮ್ಮೆ ಸಡ್ಲ ಆದ್ರ ಮತ್ತ ಹಿಡಿಯಂಗಿಲ್ಲ. ಇದು ಪ್ಲೈವುಡ್ಡು, ಪದರಿನ ಮ್ಯಾಲೆ ಪದರು. ಹಸಿ ಗ್ವಾಡಿ ಇದ್ರ ಇದ ಬೇಕು."

ಜಯವ್ವ ಪ್ಲೈವುಡ್ಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದಳು. ಮೆಣಸಿನಕಾಯಿ ಉರಿಗೆ ಸುಲಿದು ಹೋಗಿದ್ದ ಆ ಬೆರಳುಗಳನ್ನು ಶೇಖವ್ವನಿಗೆ ನೋಡಲಾಗಲಿಲ್ಲ.

"ಎಷ್ಟ ವರ್ಷ ಬಾಳತೈತ್ರಿ?"

"ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತೈತ್ರಿ ಯವ್ವಾ."

ಜಯವ್ವ ನಕ್ಕಳು. ಏನಾದರೂ ಅನ್ನಬೇಕೆಂದು ಶೇಖವ್ವ, "ಎಂಡಿಎಫ್ ಸಾಕಲ್ಲ ಜಯವ್ವಾ? ಅಷ್ಟ ವರ್ಷದ್ದು ಯಾಕ ಬೇಕು?" ಎಂದುಬಿಟ್ಟಳು.

ಜಯವ್ವ ತಿರುಗಿ ಅವಳ ಮುಖವನ್ನು ದಿಟ್ಟಿಸಿದಳು. "ಯಾಕ ವೈನಿ?"

ಶೇಖವ್ವ ಎತ್ತಲೋ ನೋಡಿದಳು.

"ಗಟ್ಟಿದ್ದ ಇರ್ಲಿ," ಎಂದಳು ಜಯವ್ವ, ಅಂಗಡಿಯವನಿಗೆ.

ಹಲಗೆಗಳು ಟೆಂಪೋದಲ್ಲಿ ಬ್ಯಾಡಗಿಗೆ ಬಂದು, ಬಡಗಿ ಕುತುಬುದ್ದೀನನ ಅಂಗಡಿ ಸೇರಿದವು. ದೀಪಾವಳಿಗೆ ಇನ್ನೂ ದಿನವಿತ್ತು. ದಸರೆ ಕಳೆಯುತ್ತಲೇ ಜಯವ್ವ ಹಾಸಿಗೆ ಹಿಡಿದಳು.

*

ಪಡಸಾಲೆಯಲ್ಲಿ ಭಜನೆ ಶುರುವಾಗಿತ್ತು. ಕುತುಬುದ್ದೀನ ಹಿತ್ತಲ ಬಾಗಿಲಿಗೆ ಬಂದು ನಿಂತ. ಹೂವಿನ ಮಾಲೆಯನ್ನು ಕೈಯಲ್ಲಿ ಮುದುಡಿ ಹಿಡಿದಿದ್ದ.

"ಒಳಗ ಬರ್ರಿ," ಎಂದಳು ಶೇಖವ್ವ.

"ಅಕ್ಕಾರ, ಯಾವ ಮುಖ ಇಟಗೊಂಡು ಬರ್ಲಿ? ಹಲಿಗಿ ತಂದಿಟ್ಟಂಗ ಅದಾವು. ಗರಗಸ ಮುಟ್ಟಸಿಲ್ಲ."

"ನಿಮ್ಮ ಕೈಯಾಗ ಕೆಲಸ ಭಾಳ ಇತ್ತೇನೋ ಬಿಡ್ರಿ."

ಅವನು ಬೆರಗಾಗಿ ನೋಡಿದ. "ಕೊಯ್ಯಬ್ಯಾಡ್ರಿ ಅಂದಿದ್ರಲ್ಲ ಯಜಮಾನ್ರು. ಇನ್ನೊಂದೆರಡ ತಿಂಗಳು ತಡೀರಿ, ಆಮ್ಯಾಲೆ ಸುಚಿತ್ರಾನ ಲಗ್ನಕ್ಕ ಅದರಾಗ ಮಂಚ ಮಾಡಿದ್ರಾತು ಅಂದ್ರು. ನಿಮ್ಮದೂ ಅದ ಮಾತು ಅಂತನೂ ಹೇಳಿದ್ರು."

ಆ ಮಾತು ಶೇಖವ್ವನ ಕಿವಿಗೆ ಬಿದ್ದದ್ದೇ ಅವತ್ತು. "ಜಯವ್ವಗ ಏನ ಹೇಳಿದ್ರಿ?"

"ನಾಳೆ, ನಾಡದ ಅಂದಕೋತ ಬಂದೆ. ಕೆಲಸ ಬಿಟ್ಟು ಹೋಗಾಗ ದಿನಾ ಬರ್ತಿದ್ರು. ಹಲಿಗಿ ಮ್ಯಾಲೆ ಕೈ ಆಡಸಿ ಹೋಗ್ತಿದ್ರು. ಕಡೀಕ ಬಂದಾಗ ಹಾದ್ಯಾಗ ಕುಂತ ಕುಂತ ಬಂದಿದ್ರು. 'ಕುತುಬುದ್ದೀನಣ್ಣಾ, ನಾ ಉಳಿಯಂಗಿಲ್ಲ, ನನಗ ಗೊತ್ತೈತಿ. ಒಂದಿನ ಆದ್ರೂ ನನ್ನ ಅರಿವಿ ಅದರಾಗ ಮಡಿಚಿ ಇಡಬೇಕು. ಲಗೂ ಮಾಡು' ಅಂದ್ರು."

"ಗೊತ್ತಿತ್ತಾ ಆಕಿಗೆ?"

"ಹಲಿಗಿ ತರೂ ದಿನಾನ ಗೊತ್ತಾತಂತ. ನಿಮ್ಮ ಮಾರಿ ನೋಡಿ. 'ಮನ್ಯಾಗ ಹೇಳಬ್ಯಾಡಣ್ಣ, ವೈನಿ ಅಳ್ತಾಳು' ಅಂದ್ರು." ಕುತುಬುದ್ದೀನ ತಲೆ ಬಗ್ಗಿಸಿದ. "ನಾ ಗಂಡಸಿನ ಮಾತ ಕೇಳಿದೆ, ಅಕ್ಕಾರ."

ರಾತ್ರಿಯೆಲ್ಲ ಪಕ್ಕದಲ್ಲಿ ಕೂತು, ಹುಣ್ಣು ಮಾಯುತ್ತದೆ ಜಯವ್ವಾ, ಸಂಕ್ರಾಂತಿಗೆ ಎದ್ದು ಓಡಾಡುತ್ತೀ ಎಂದು ಶೇಖವ್ವ ಹೇಳಿದ್ದೇ ಹೇಳಿದ್ದು. ಹ್ಞೂಂ ವೈನಿ, ಹ್ಞೂಂ ಎಂದು ಅವಳು ಅಂದದ್ದೇ ಅಂದದ್ದು. ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ಕೂತ ಇಬ್ಬರು ಹೆಂಗಸರು ಕೊನೆಗೆ ಒಂದು ನಿಜವಾದ ಮಾತೂ ಆಡಲಿಲ್ಲ. ಸಾಯುತ್ತೇನೆ ಎಂಬುದನ್ನು ಹೇಳಿಕೊಳ್ಳಲು ಅವಳು ಬಡಗಿಯ ಅಂಗಡಿಯ ತನಕ ನಡೆದುಕೊಂಡು ಹೋಗಬೇಕಾಯಿತು.

ಶೇಖವ್ವನಿಗೆ ಅಳು ಬರಲಿಲ್ಲ. ಹೆಣ ಎತ್ತುವಾಗಲೂ ಬರಲಿಲ್ಲ. "ನಾದಿನಿ ಅಲ್ಲೇನು, ಎಷ್ಟ ಅಂತ ಅಳ್ತಾಳು," ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

*

ಇಳಿಹೊತ್ತಿಗೆ ಗಂಡಸರು ಮಣ್ಣು ಮಾಡಿ ಬಂದರು. ಶೇಖವ್ವ ಹೊಸ್ತಿಲ ಹೊರಗೆ ಕೊಡ ಇಟ್ಟುಕೊಂಡು, ಬಂದವರ ಕಾಲಿಗೆ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಒಬ್ಬೊಬ್ಬರೇ ತೊಳೆದುಕೊಂಡು ಒಳಗೆ ಹೋಗುತ್ತಿದ್ದರು.

ಚಂದ್ರಪ್ಪ ಅಂಗಳದ ತುದಿಯಲ್ಲಿ ಕುತುಬುದ್ದೀನನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. ತಂಗಿಗಾಗಿ ಅವನು ಅತ್ತದ್ದು ಸುಳ್ಳೇನಲ್ಲ. ಅವನ ಮಾತು ಹೊಸ್ತಿಲ ತನಕ ಕೇಳಿಸಿತು.

"ಆಗಿದ್ದ ಆತು ಕುತುಬುದ್ದೀನಾ. ಮೂರ ದಿನದ್ದು ಮುಗೀಲಿ, ಬಂದು ಮಂಚದ ಅಳತಿ ತಗೊಂಡ ಹೋಗು. ಇನ್ನ ಹಲಿಗಿ ಕೊಯ್ಯಾಕ ಅಡ್ಡಿ ಇಲ್ಲ."

ಕುತುಬುದ್ದೀನ ಅವನ ಕೈಯನ್ನು ಹೆಗಲಿಂದ ಇಳಿಸಿದ. ಕಾಲು ತೊಳೆಯದೆ ಹಾಗೇ ಹೊರಟುಹೋದ.

ಚಂದ್ರಪ್ಪ ಬಂದ. ಧೋತರ ಎತ್ತಿ ಹಿಡಿದು ಬಲಗಾಲು ಮುಂದಿಟ್ಟ.

"ಹಾಕ," ಎಂದ.

ಶೇಖವ್ವ ಕೊಡದಲ್ಲಿ ಅದ್ದಿ ತಂಬಿಗೆ ತುಂಬಿಕೊಂಡಳು. ಎತ್ತಿ ಹಿಡಿದಳು.

"ಹಾಕ ಶೇಖವ್ವ, ಮಂದಿ ನಿಂತಾರ."

ತುಂಬಿದ ತಂಬಿಗೆ ಅವಳ ಕೈಯಲ್ಲಿ ಅಲುಗಾಡದೆ ನಿಂತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಚಂದ್ರಪ್ಪ ಕಾಲು ಚಾಚಿಕೊಂಡೇ ನಿಂತ. ಬೆರಳ ಸಂದಿಯ ಹಸಿಮಣ್ಣು ಇಳಿಬಿಸಿಲಿಗೆ ಒಣಗಿ, ನಿಧಾನಕ್ಕೆ ಬಿಳಿಚತೊಡಗಿತು.