ಹೋದ ವಾರದ ನೆನಪು

ಪುಟ್ಟಿಗೆ ಆಗ ನಲವತ್ತಾರು. ಕಿವಿಯ ಮೇಲಿನ ಕೂದಲು ನೆರೆತು, ಕನ್ನಡಕದ ಗಾಜು ದಪ್ಪವಾಗಿದ್ದರೂ ನೀರು ಸರಬರಾಜಿನ ಕಂಟ್ರೋಲ್ ರೂಮಿನಲ್ಲಿ ಅವಳು ಪುಟ್ಟಿಯೇ. ಆ ಹೆಸರನ್ನು ಅಲ್ಲಿಗೆ ತಂದವರು ಅವಳ ಭಾವ, ಅಂದರೆ ಅಕ್ಕನ ಗಂಡ. ಓದು ಮುಗಿಸಿದ ನಾದಿನಿಯನ್ನು ಅವರು ಮೊದಲ ದಿನ ಕರೆತಂದು, "ಇವಳು ನಮ್ಮ ಪುಟ್ಟಿ, ಚುರುಕಾಗಿದಾಳೆ, ಕೆಲಸ ಕಲೀತಾಳೆ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರು. ಅಲ್ಲಿಗೆ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಉಳಿಯಿತು. ಮರ್ಯಾದೆ ಕೊಡಬೇಕೆನಿಸಿದವರು "ಪುಟ್ಟಿ ಮೇಡಂ" ಎನ್ನುತ್ತಿದ್ದರು.

ಊರಿನ ರಸ್ತೆಗಳಡಿ ಇರುವ ವಾಲ್ವ್‌ಗಳನ್ನು ಯಾವುದನ್ನು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಆ ರೂಮಿನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಒಂದು ಪ್ರೋಗ್ರಾಂ. ಅದನ್ನು ಬರೆದವರೂ ಭಾವನೇ. ಒಂದು ಸಲ ಕೂತು ಬರೆದು ಮುಗಿಸಿದ್ದಲ್ಲ. ಅದು ಓಡುತ್ತಿರುವಾಗಲೇ ಎದುರಿಗೆ ಕೂತು, ಮಗುವಿಗೆ ಹೇಳಿಕೊಟ್ಟ ಹಾಗೆ ಒಂದೊಂದೇ ಮಾತನ್ನು ಟೈಪ್ ಮಾಡಿ ಕಲಿಸಿದ್ದು. ದಿಬ್ಬದ ಮೇಲಿನ ಬೀದಿಗೆ ನೀರು ಹತ್ತಬೇಕಾದರೆ ಕೆಳಗಿನ ಯಾವ ವಾಲ್ವನ್ನು ಎಷ್ಟು ಬಿಗಿಯಬೇಕು, ಆಸ್ಪತ್ರೆಯ ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ, ಹಳೆಯ ಪೈಪು ಎಷ್ಟು ಒತ್ತಡ ತಡೆಯುತ್ತದೆ, ಎಲ್ಲವೂ ಅದರ ಮೆಮೊರಿಯಲ್ಲಿತ್ತು. ಮೆಮೊರಿಯಲ್ಲಿ ಮಾತ್ರ ಇತ್ತು. ಕರೆಂಟು ಹೋಗಿ, ಕೆಳಗಿನ ಮುದಿ ಬ್ಯಾಟರಿಗಳೂ ಕೈಕೊಟ್ಟರೆ ಎಲ್ಲ ನೀರಿನಲ್ಲಿ ಹೋಮ.

ಆಗ ಹಳೆಯ ಫೈಲಿನಿಂದ ಮತ್ತೆ ಶುರು ಮಾಡಬೇಕಾಗುತ್ತಿತ್ತು. ಶುರುವಾದ ಪ್ರೋಗ್ರಾಂ ಮೊದಲು ಎಲ್ಲ ವಾಲ್ವ್‌ಗಳನ್ನೂ ಮುಚ್ಚಿಬಿಡುತ್ತಿತ್ತು. ಆಮೇಲೆ ಒಂದೊಂದರ ನಂಬರು ತೋರಿಸಿ, "ಇಲ್ಲಿ ಯಾರಾದರೂ ಕೆಲಸದಲ್ಲಿದ್ದಾರೆಯೇ?" ಎಂದು ಕೇಳುತ್ತಿತ್ತು. ಫೋನು ಮಾಡಿ ವಿಚಾರಿಸಿ ಉತ್ತರ ಕೊಡುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ಅದಾದ ಮೇಲೆ ಒತ್ತಡದ ಲೆಕ್ಕವನ್ನೆಲ್ಲ ಹೊಸದಾಗಿ ಕಲಿಯುತ್ತಿತ್ತು. ಅಷ್ಟು ದಿನವೂ ದಿಬ್ಬದ ಬೀದಿಗಳಲ್ಲಿ ನಲ್ಲಿ ಒಣಗಿರುತ್ತಿತ್ತು, ರೂಮಿನ ಫೋನಿನಲ್ಲಿ ಬೈಗುಳ ಹರಿಯುತ್ತಿತ್ತು.

ಭಾವನಿಗೆ ಲಕ್ವ ಹೊಡೆದದ್ದು ಕೆಲಸದಲ್ಲಿದ್ದಾಗಲೇ. ಜೀವ ಉಳಿಯಿತು, ಬಲಗೈ ಮತ್ತು ಮಾತು ಹೋದವು. ನೂರು ಮಾತಾಡುತ್ತಿದ್ದ ಮನುಷ್ಯನ ಬಾಯಲ್ಲಿ ಉಳಿದದ್ದು "ಆಯ್ತು", "ಬೇಡ", ಅಕ್ಕನ ಹೆಸರು, ಮತ್ತೆ ಆಗೀಗ ದಾರಿ ತಪ್ಪಿ ಬಂದ ಹಾಗೆ ಬರುವ ಒಂದೆರಡು ಪದ. ಒಳಗೆ ಎಲ್ಲ ಇದೆ, ಬಾಗಿಲು ಮಾತ್ರ ಹಾಕಿಕೊಂಡಿದೆ ಎಂದು ಡಾಕ್ಟರು ಹೇಳಿದರು. ಪ್ರೋಗ್ರಾಮಿನ ಭಾರ ಪುಟ್ಟಿಯ ತಲೆಯ ಮೇಲೆ ಬಿತ್ತು.

ಇನ್ನೊಂದು ಸಲ ಎಲ್ಲ ಆಫ್ ಆದರೆ ಭಾವ ಕಲಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅದನ್ನು ಮತ್ತೆ ಕಲಿಸಲು ಭಾವನಿಗೆ ಕೈಯೂ ಇರಲಿಲ್ಲ, ಬಾಯೂ ಇರಲಿಲ್ಲ. ಅದಕ್ಕೇ ಪುಟ್ಟಿ ಒಂದು ಕೆಲಸಕ್ಕೆ ಕೈಹಾಕಿದಳು. ಓಡುತ್ತಿರುವ ಪ್ರೋಗ್ರಾಮನ್ನು ಒಂದು ಗಳಿಗೆ ತಡೆದು ನಿಲ್ಲಿಸಿ, ಅದರ ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಹೊಸ ಫೈಲಿಗೆ ಇಳಿಸಿಬಿಡುವುದು. ಇದೊಂದು ಪ್ರೋಗ್ರಾಂ ಎಂದು ಕಂಪ್ಯೂಟರು ಒಪ್ಪುವಂತೆ ಅದರ ಮೊದಲಿಗೆ ಕೆಲವು ಸಾಲು ಜೋಡಿಸುವುದು. ಆಗ ಆ ಫೈಲೇ ಒಂದು ಪ್ರೋಗ್ರಾಂ ಆಗುತ್ತದೆ. ಅದನ್ನು ಶುರು ಮಾಡಿದರೆ ಅಆಇಈಯಿಂದ ಕಲಿಯಬೇಕಾಗಿಲ್ಲ, ನಿಂತಲ್ಲಿಂದಲೇ ಮುಂದಕ್ಕೆ ಹೋಗುತ್ತದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದಾಗ ಮೊದಮೊದಲು ಹೊಸ ಫೈಲು ಎದ್ದೇಳಲೇ ಇಲ್ಲ. ಆಮೇಲೆ ಎದ್ದು, ಕಣ್ಣು ಬಿಡುವಷ್ಟರಲ್ಲಿ ಬಿತ್ತು. ಎದ್ದು ನಿಂತ ಮೇಲೆ ಗಡಿಯಾರ ಹಿಂದೆ ಉಳಿದಿತ್ತು. ಅದು ಬೆಳಗಿನ ನೀರನ್ನು ಮಧ್ಯಾಹ್ನ ಬಿಡಲು ಹೊರಟಿತ್ತು. ಎದ್ದ ಕೂಡಲೇ ಹೊರಗಿನ ಹೊತ್ತು ನೋಡಿಕೊಳ್ಳುವಂತೆ ಪುಟ್ಟಿ ಅದನ್ನು ಸರಿಪಡಿಸಿದಳು. ವಾಲ್ವ್‌ಗಳ ಜೊತೆ ಕಡಿದುಹೋದ ಸಂಪರ್ಕವನ್ನು ತಾನಾಗೇ ಮತ್ತೆ ಹಿಡಿಯುವಂತೆಯೂ ಮಾಡಿದಳು. ಕಡೆಗೊಂದು ದಿನ ಎಲ್ಲ ಕೂಡಿಬಂತು. ಓಡುತ್ತಿದ್ದ ಪ್ರೋಗ್ರಾಮನ್ನು ಗಳಿಗೆ ಹೊತ್ತು ತಡೆದು, ಫೈಲಿಗೆ ಇಳಿಸಿ, ಮತ್ತೆ ಬಿಟ್ಟಳು.

ಆ ಹೊತ್ತಿಗೆ ರೂಮಿನಲ್ಲಿ ಆಮೆಯಣ್ಣ ಇದ್ದ. ವಾಲ್ವ್ ರಿಪೇರಿಯ ಫಿಟ್ಟರ್ ಅವನು. ಬೆನ್ನಿಗೆ ಹಾಕಿಕೊಳ್ಳುವ ಸಾಮಾನಿನ ಚೀಲ ಮತ್ತು ಅವಸರವೇ ಗೊತ್ತಿಲ್ಲದ ನಡಿಗೆಯಿಂದ ಆ ಹೆಸರು ಬಂದಿತ್ತು. ನೀರು ಕಾಯಿಸುವ ಕೆಟಲ್ ಇದ್ದದ್ದು ಅಲ್ಲಿ ಮಾತ್ರವಾದ್ದರಿಂದ ಟೀಗೆ ಬಂದಿದ್ದ. ಮೈಯಲ್ಲಿ ಸ್ವಲ್ಪ ಜ್ವರವಿತ್ತು, ಕಣ್ಣು ಕೆಂಪಾಗಿತ್ತು.

"ಏನು ಪುಟ್ಟಿ ಮೇಡಂ, ಇವತ್ತು ಮುಖದಲ್ಲಿ ಬಲ್ಬು ಹತ್ಕೊಂಡಿದೆ?"

ಅವಳು ವಿವರಿಸಿದಳು. ಅವನು ಲೋಟ ಹಿಡಿದು ಗಂಭೀರವಾಗಿ ಕೇಳಿಸಿಕೊಂಡ.

"ಅಂದ್ರೆ ನಿಲ್ಸಿದಲ್ಲಿಂದಲೇ ಶುರು ಮಾಡತ್ತೆ?"

"ಹೂಂ. ಒಂದು ಅಕ್ಷರ ಮರೆಯಲ್ಲ."

"ನಮ್ಮನೇಲಿ ಹೆಂಡ್ತಿ ಹಾಗೇ. ರಾತ್ರಿ ಎಲ್ಲಿಗೆ ಜಗಳ ನಿಲ್ಸಿರ್ತಾಳೋ, ಬೆಳಿಗ್ಗೆ ಅಲ್ಲಿಂದಲೇ. ಮಧ್ಯ ನಾನು ತಪ್ಪೊಪ್ಕೊಂಡಿದ್ದು ಲೆಕ್ಕಕ್ಕೇ ಇಲ್ಲ."

ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆಗೆ ಹೋಗಿ ಮಲಗು ಎಂದು ಅವನನ್ನು ಗದರಿ ಕಳಿಸಿದಳು. ಆ ವಾರ ಅವನು ರಜೆಯಲ್ಲಿದ್ದ.

ಸಂಜೆ ಅವಳು ನೆಟ್ಟಗೆ ಅಕ್ಕನ ಮನೆಗೆ ಹೋದಳು. ಭಾವ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದರು. ಅವಳು ಅವರ ಕಾಲ ಬಳಿ ಬೆತ್ತದ ಸ್ಟೂಲು ಎಳೆದುಕೊಂಡು ಕೂತು, "ಭಾವ, ನೀವು ಕಲಿಸಿದ್ದು ಇನ್ಮೇಲೆ ಎಲ್ಲೂ ಹೋಗಲ್ಲ" ಎಂದು ಶುರು ಮಾಡಿ ಎಲ್ಲ ಹೇಳಿದಳು. ಭಾವನ ಮುಖ ಅರಳಿತು. "ಆಯ್ತು, ಆಯ್ತು" ಎಂದರು. "ಎದ್ದ ತಕ್ಷಣ ಕೆಲಸ ಶುರು. ಆ ಪ್ರಶ್ನೆ ಕೇಳೋ ರಗಳೆ ಕೂಡ ಇಲ್ಲ" ಎಂದಾಗ ಅರಳಿದ್ದ ಮುಖ ಬಿಗಿಯಿತು.

"ಬೇಡ" ಎಂದರು.

"ಯಾಕೆ ಭಾವ?"

"ಬೇಡ. ಕೇಳು... ಕೇಳು..." ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದರು.

"ಕೇಳ್ತಾ ಇದೀನಿ, ಹೇಳಿ."

"ಕೇಳು! ಕೇಳು!" ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಅಕ್ಕ ಓಡಿ ಬಂದಳು. "ಅವರಿಗೆ ಆಯಾಸ ಮಾಡ್ಬೇಡ ಕಣೇ, ಆಫೀಸಿನ ಮಾತು ಆಫೀಸಲ್ಲೇ ಬಿಟ್ಟು ಬಾ" ಎಂದು ಗಂಡನ ಬೆನ್ನು ನೀವಿದಳು. ತಾನು ಕಟ್ಟಿದ್ದನ್ನು ಇನ್ನೊಬ್ಬರು ಮುಟ್ಟಿದರೆ ಯಾರಿಗಾದರೂ ಸಂಕಟವೇ ಎಂದುಕೊಂಡು ಪುಟ್ಟಿ ಎದ್ದಳು. ಸ್ವಲ್ಪ ಬೇಸರವೂ ಆಯಿತು. ಒಂದು ಒಳ್ಳೆಯ ಮಾತು ಬರುತ್ತದೆಂದು ಆಸೆಪಟ್ಟು ಬಂದಿದ್ದಳು.

ಮುಂದಿನ ವಾರ ಆಮೆಯಣ್ಣ ಕೆಲಸಕ್ಕೆ ಮರಳಿದ. ಬೆಳಿಗ್ಗೆ ಫೋನು ಮಾಡಿ, "ಮೇಡಂ, ಹದಿನೇಳರ ಒಳಗೆ ಇಳೀತಾ ಇದೀನಿ, ತಡೆ ಹಾಕಿ" ಎಂದ. ಹದಿನೇಳನೆಯದು ಹಳೆಯ ಬಸ್ ಡಿಪೋ ಎದುರಿನ ವಾಲ್ವ್. ರಸ್ತೆಯ ಕಬ್ಬಿಣದ ಮುಚ್ಚಳ ಎತ್ತಿ, ಏಣಿಯಲ್ಲಿ ಇಳಿದು, ಬಗ್ಗಿ ಕೆಲಸ ಮಾಡಬೇಕಾದ ಇಕ್ಕಟ್ಟಿನ ಗುಂಡಿ ಅದು. ಪುಟ್ಟಿ ವಾಲ್ವ್ ಮುಚ್ಚಿಸಿ, ಅದರ ಮೇಲೆ ತಡೆಯ ಗುರುತನ್ನು ತಾನೇ ಟೈಪ್ ಮಾಡಿದಳು. ಆ ಗುರುತು ಇರುವವರೆಗೆ ಪ್ರೋಗ್ರಾಂ ಅದನ್ನು ತೆರೆಯುತ್ತಿರಲಿಲ್ಲ. "ಹಾಕಿದೀನಿ, ಇಳಿ" ಎಂದಳು. ಆಮೇಲೆ ಅರ್ಧ ದಿನ ರಜೆ ಹಾಕಿ, ಭಾವನನ್ನು ಕೈಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ದೊಡ್ಡ ಇಂಜಿನಿಯರ್ ಫೋನು ಮಾಡಿದರು.

"ಕರೆಂಟು ಹೋಗಿತ್ತಮ್ಮ. ಬ್ಯಾಟರಿನೂ ಸತ್ತು ಎಲ್ಲ ಆಫ್ ಆಯ್ತು. ಈಗ ಜನರೇಟರ್ ಹಾಕ್ಸಿದೀನಿ. ಹಳೇ ಫೈಲಿಂದ ಶುರು ಮಾಡ್ಲಾ? ದಿಬ್ಬದ ಮೇಲಿನವರು ಮತ್ತೆ ನನ್ನ ಜೀವ ತಿಂತಾರೆ."

"ಬೇಡ ಸಾರ್" ಎಂದಳು ಪುಟ್ಟಿ. ದನಿಯಲ್ಲಿ ಹೆಮ್ಮೆಯಿತ್ತು. "ಹೊಸ ಫೈಲ್ ಇದೆಯಲ್ಲ, ಅದನ್ನ ಶುರು ಮಾಡಿ. ಅದಕ್ಕೆ ಎಲ್ಲ ಗೊತ್ತಿದೆ."

ಹೊಸ ಫೈಲು ಎದ್ದಿತು. ಏನನ್ನೂ ಕೇಳಲಿಲ್ಲ. ಅದನ್ನು ಇಳಿಸಿಟ್ಟ ದಿನ ಹದಿನೇಳನೇ ವಾಲ್ವ್ ತೆರೆದಿತ್ತು, ಅದರ ಮೇಲೆ ಯಾವ ತಡೆಯೂ ಇರಲಿಲ್ಲ. ಈಗ ನೋಡಿದರೆ ಮುಚ್ಚಿದೆ. ಎಲ್ಲೋ ತಪ್ಪಾಗಿದೆ ಎಂದುಕೊಂಡು ತೆರೆಯಿತು.

ಗುಂಡಿಯೊಳಗೆ ಆಮೆಯಣ್ಣ ಪೈಪಿನ ಜೋಡಣೆ ಬಿಚ್ಚಿ ವಾಷರ್ ಬದಲಿಸುತ್ತಿದ್ದ. ಮೇಲೆ ಕಾವಲಿಗೆ ನಿಂತಿದ್ದ ಜೊತೆಗಾರ ಹಗ್ಗ ಇಳಿಬಿಟ್ಟ, ಕೂಗಿದ, ಕೈ ಚಾಚಿದ. ನೀರು ನುಗ್ಗಿದ ರಭಸಕ್ಕೆ ಏಣಿಯೇ ಕಿತ್ತುಬಂದಿತ್ತು. ವಾಲ್ವನ್ನು ಮತ್ತೆ ಮುಚ್ಚಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಎರಡನೇ ಫೋನು ಬಂದಾಗ ಪುಟ್ಟಿ ಭಾವನ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಕೇಳಿಸಿಕೊಂಡು ಅರ್ಧ ಬಿಗಿದ ಪಟ್ಟಿಯನ್ನು ಹಾಗೇ ಬಿಟ್ಟಳು. ಬೆಳಿಗ್ಗೆ ತಾನು ಹಾಕಿದ ತಡೆ ಕರೆಂಟಿನ ಜೊತೆಗೇ ಹೋಯಿತೆಂದು, ಇಳಿಸಿಟ್ಟ ಫೈಲಿಗೆ ಈ ಬೆಳಗೇ ಗೊತ್ತಿಲ್ಲವೆಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆ ಎತ್ತಿದಾಗ ಭಾವ ಅವಳನ್ನೇ ನೋಡುತ್ತಿದ್ದರು. ಆಗ ಅವಳಿಗೆ ಹೊಳೆಯಿತು. ಅವತ್ತು ಭಾವ ತನ್ನ ಮಾತಿಗೆ ಕಿವಿಗೊಡು ಎಂದಿರಲಿಲ್ಲ. ಪ್ರಶ್ನೆ ಕೇಳಿಸು, ಎದ್ದ ಕೂಡಲೇ ಅದು ಕೇಳಲೇಬೇಕು ಎಂದಿದ್ದರು.

ವಿಚಾರಣೆಗೆ ಮುಂಚೆ ದೊಡ್ಡ ಇಂಜಿನಿಯರ್ ಅವಳನ್ನು ತಮ್ಮ ರೂಮಿಗೆ ಕರೆದು ಬಾಗಿಲು ಹಾಕಿಸಿದರು.

"ನೋಡಮ್ಮ, ಒಳಗೆ ಇಳಿಯೋಕೆ ಮುಂಚೆ ವಾಲ್ವ್ ತಿರುಗಿಸೋ ಮೋಟಾರಿನ ಸ್ವಿಚ್ ತೆಗೆದು ಬೀಗ ಹಾಕ್ಬೇಕು ಅಂತ ನಿಯಮ ಇದೆ. ಅವನು ಹಾಕಿರ್ಲಿಲ್ಲ. ಅಷ್ಟೇ ವಿಷಯ."

"ಆ ಸ್ವಿಚ್ ಪೆಟ್ಟಿಗೆಗೆ ಬಾಗಿಲೇ ಇಲ್ವಲ್ಲ ಸಾರ್. ಬೀಗ ಎಲ್ಲಿಗೆ ಹಾಕ್ತಾನೆ? ಎಲ್ಲರೂ ನಂಬಿದ್ದು ನಮ್ಮ ತಡೆನೇ ಅಲ್ವಾ?"

"ಇರೋದು ಹೇಳಿದ್ರೆ ಅವನು ಎದ್ದು ಬರ್ತಾನಾ? ನಿನ್ನ ಕುತ್ತಿಗೆಗೆ ನೀನೇ ಯಾಕೆ ಹಗ್ಗ ಹಾಕ್ಕೋತೀಯ? ನನ್ನನ್ನೂ ಎಳೀತೀಯ."

ಅವರ ಬಲಗೈ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಲೇ ಇತ್ತು. ಫೈಲು ಶುರು ಮಾಡಲು ಕೀ ಒತ್ತಿದ ಕೈ ಅದು. ಅವರು ಆಗಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲವೆಂಬುದು ಕಣ್ಣಿನ ಕೆಳಗೆ ಕಾಣುತ್ತಿತ್ತು. ಪುಟ್ಟಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ವಿಚಾರಣೆಯ ಮೇಜಿನ ಮುಂದೆ ನಿಂತಾಗ ಅವಳು ಒಂದನ್ನೂ ಬಿಡದೆ ಹೇಳಿದಳು: ಫೈಲು ಮಾಡಿದ್ದು ತಾನು, ಪ್ರಶ್ನೆ ಕೇಳುವುದನ್ನು ರಗಳೆ ಅಂದುಕೊಂಡದ್ದು ತಾನು, ಶುರು ಮಾಡಿ ಎಂದದ್ದೂ ತಾನು.

ಆಮೇಲೆ ಆಮೆಯಣ್ಣನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ನಿಂತು ಮಾತಾಡಿಸಿದಳು. ಒಳಗೆ ಬಾ ಎನ್ನಲಿಲ್ಲ.

"ಒಳಗೆ ಇಳಿದಿದಾರೆ ಅಂತ ಅದಕ್ಕೆ ಹೇಳಿರ್ಲಿಲ್ವಾ?"

"ಹೇಳಿದ್ದೆ. ನಾನೇ ಹೇಳಿದ್ದೆ. ಆದ್ರೆ ಆಮೇಲೆ ಎದ್ದಿದ್ದಕ್ಕೆ ಹೋದ ವಾರದ ನೆನಪು ಮಾತ್ರ ಇತ್ತು."

ಅವಳು ತಿರುಗಿ ಒಳಗಿನ ಮಂಚದ ಕಡೆ ನೋಡಿದಳು.

"ಆ ಹೋದ ವಾರ ಇಲ್ಲೇ ಮಲಗಿದ್ರು. ಜ್ವರ ಇತ್ತು. ಇನ್ನೆರಡು ದಿನ ಇರಿ ಅಂದೆ, ಕೇಳಲಿಲ್ಲ."

ಕ್ಷಮಿಸಿ ಎನ್ನಲು ಹೊರಟ ಪುಟ್ಟಿಗೆ ಆ ಮಾತನ್ನು ಅಲ್ಲಿ ಆಡುವುದೇ ತಪ್ಪೆನಿಸಿತು.

"ನೀವು ಸುಳ್ಳು ಹೇಳ್ಲಿಲ್ಲ ಅಂತ ಕೇಳಿದೆ. ಅವರದ್ದೇ ತಪ್ಪು ಅಂತ ಬರೆಯೋರಿದ್ರಂತೆ" ಎಂದಳು ಆ ಹೆಂಗಸು. "ಅದಾಯ್ತು. ಇನ್ನೊಂದ್ಸಲ ಬರ್ಬೇಡಿ."

ತನಿಖೆಯ ವರದಿ ಬರುವ ಹೊತ್ತಿಗೆ ದೊಡ್ಡ ಇಂಜಿನಿಯರ್ ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದರು. ಪುಟ್ಟಿಯನ್ನು ಕಂಟ್ರೋಲ್ ರೂಮಿನಿಂದ ತೆಗೆದು ಮೀಟರ್ ವಿಭಾಗಕ್ಕೆ ಹಾಕಿದರು. ಹೋಗುವ ಮುಂಚೆ, ಎದ್ದ ಕೂಡಲೇ ಎಲ್ಲ ವಾಲ್ವ್ ಮುಚ್ಚಿ ಒಂದೊಂದಕ್ಕೂ ಪ್ರಶ್ನೆ ಕೇಳುವಂತೆ ಅವಳು ಆ ಫೈಲನ್ನು ತಿದ್ದಿ ಕೊಟ್ಟಳು. ಫೈಲನ್ನು ಮಾತ್ರ ಯಾರೂ ತೆಗೆದುಹಾಕಲಿಲ್ಲ. ಅದರಷ್ಟು ಚೆನ್ನಾಗಿ ಊರಿಗೆ ನೀರು ಹಂಚುವುದು ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ. ಭಾವನಿಗೆ ವಿಷಯ ತಿಳಿಸುವುದು ಬೇಡವೆಂದು ಅಕ್ಕ ಹಟ ಹಿಡಿದಳು. ಅವರಿಗೆ ಎಲ್ಲ ಗೊತ್ತಾಗಿತ್ತು ಎಂದೇ ಪುಟ್ಟಿಗೆ ಅನಿಸುತ್ತಿತ್ತು. ಅವಳು ಹೋದಾಗ ಅವರು ಮೊದಲಿನ ಹಾಗೆ "ಆಯ್ತು" ಎನ್ನುತ್ತಿರಲಿಲ್ಲ. ಎಡಗೈಯನ್ನು ಅವಳ ತಲೆಯ ಮೇಲಿಟ್ಟು ಸುಮ್ಮನೆ ಕೂತಿರುತ್ತಿದ್ದರು. ಅದು ಅವಳಿಗೆ ಬೈಗುಳಕ್ಕಿಂತ ಭಾರವಾಗಿತ್ತು.

ವರ್ಷ ತುಂಬುವ ಮುಂಚೆ, ಗಂಡನ ಬದಲಿಗೆಂದು ಆಮೆಯಣ್ಣನ ಹೆಂಡತಿಗೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಖಾಲಿ ಇದ್ದದ್ದು ಮೀಟರ್ ವಿಭಾಗದಲ್ಲಿ. ಅವಳನ್ನು ಕಿಟಕಿಯ ಪಕ್ಕದ ಮೇಜಿಗೆ ಕೂರಿಸಿದರು, ಪುಟ್ಟಿಯ ಎದುರಿಗೇ. ಇಬ್ಬರ ನಡುವೆ ಪ್ರಿಂಟರ್ ಇತ್ತು. ಅವಳು ಬೇಗ ಬರುತ್ತಿದ್ದಳು, ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು, ಊಟಕ್ಕೆ ಹೊರಗೆ ಹೋಗುತ್ತಿದ್ದಳು. ಏನಾದರೂ ತಿಳಿಯದಿದ್ದರೆ ದೂರದ ಮೇಜಿನ ಗುಮಾಸ್ತನನ್ನು ಕೇಳುತ್ತಿದ್ದಳು.

ಒಂದು ದಿನ ಆ ಗುಮಾಸ್ತ ರಜೆಯಲ್ಲಿದ್ದ. ಅವಳ ಕಂಪ್ಯೂಟರ್ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಏನೇನೋ ಒತ್ತಿ ನೋಡಿದಳು, ಸರಿಹೋಗಲಿಲ್ಲ. ಪುಟ್ಟಿ ತಡೆದುಕೊಂಡಳು, ಮತ್ತೆ ಎದ್ದು ಹೋಗಿ ಅವಳ ಪಕ್ಕ ನಿಂತಳು.

"ಆಫ್ ಮಾಡಿ ಮತ್ತೆ ಹಾಕ್ಬೇಕು" ಎಂದಳು.

"ಮಾಡಿರೋ ಕೆಲಸ ಹೋಗತ್ತಾ?"

"ಬೆಳಿಗ್ಗೆಯಿಂದ ಸೇವ್ ಮಾಡಿದೀರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಹೋಗತ್ತೆ."

ಅವಳು ಪರದೆಯನ್ನೇ ನೋಡುತ್ತ ಕೂತಳು. ಆಮೇಲೆ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು. ಜಾಗ ಬಿಡಲಿಕ್ಕೋ, ದೂರವಾಗಲಿಕ್ಕೋ ಪುಟ್ಟಿಗೆ ತಿಳಿಯಲಿಲ್ಲ. ಪುಟ್ಟಿ ಬಗ್ಗಿ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಿದಳು. ಅದು ಎದ್ದ ಮೇಲೆ, ಎಲ್ಲಿ ಒತ್ತಿದರೆ ಸೇವ್ ಆಗುತ್ತದೆಂದು ಬೆರಳಿಟ್ಟು ತೋರಿಸಿದಳು.

"ಗೊತ್ತಾಯ್ತು, ಸಾಕು" ಎಂದಳು ಆ ಹೆಂಗಸು, ಮತ್ತೆ ಮೊದಲಿನಿಂದ ಟೈಪ್ ಮಾಡತೊಡಗಿದಳು.