ಮಿಂಬರಿನ ಮೇಲಿನ ಪಾರಿವಾಳ

ಬಡಗಿಯ ಮಗಳಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಚೆಕ್ಕೆ. ಕೂದಲಲ್ಲಿ ಯಾವಾಗಲೂ ಮರದ ಹೊಟ್ಟು, ಮಾತಿನಲ್ಲಿ ಯಾವಾಗಲೂ ಒಂದಿಷ್ಟು ಮೊನೆ; ಇನ್ನೇನೆಂದು ಕರೆಯಬೇಕಿತ್ತು ಹೇಳಿ? ಮೂರು ತಲೆಮಾರಿನಿಂದ ಚರ್ಚುಗಳಿಗೆ ಬೆಂಚು, ಬಾಗಿಲು, ಸಂತರ ಪ್ರತಿಮೆ ಮಾಡಿಕೊಟ್ಟ ಕಾರ್ಖಾನೆ ಅವರದು. ಮಸೀದಿಯಿಂದ ಕೆಲಸ ಬಂದದ್ದು ಇದೇ ಮೊದಲು. ಶುಕ್ರವಾರದ ಪ್ರವಚನಕ್ಕೆ ಇಮಾಮರು ಹತ್ತಿ ನಿಲ್ಲುವ ಮೆಟ್ಟಿಲಿನ ಪೀಠ, ಮಿಂಬರ್, ಬೇಕಾಗಿತ್ತು. ಅಪ್ಪನ ಕೈ ಈಚೆಗೆ ನಡುಗುತ್ತಿದ್ದುದರಿಂದ ಕೆಲಸವನ್ನು ಇಡಿಯಾಗಿ ಮಗಳಿಗೇ ಬಿಟ್ಟ, ಆದರೆ ಒಂದು ಷರತ್ತು ಹಾಕಿ.

“ನೀನು ಮಾಡೋದನ್ನ ನಾನು ಇಣುಕಿಯೂ ನೋಡಲ್ಲ. ಮಸೀದಿಯವರು ಚಕಾರ ಎತ್ತದೆ ಒಪ್ಪಿಕೊಂಡ್ರೆ ನನ್ನ ಉಳಿ ಪೆಟ್ಟಿಗೆಯೂ ನಿನ್ನದು, ಕಾರ್ಖಾನೆಯೂ ನಿನ್ನದು. ವಾಪಸ್ ಬಂತೋ, ಬೀಗದ ಕೈ ನಿಮ್ಮ ದೊಡ್ಡಪ್ಪನಿಗೆ!”

ದೊಡ್ಡಪ್ಪನೋ ಪ್ಲಾಸ್ಟಿಕ್ ಕುರ್ಚಿ ಮಾರುವ ಆಸಾಮಿ. ಬೀಗದ ಕೈ ಸಿಕ್ಕ ಮರುದಿನವೇ ಅಲ್ಲಿ ಕೆಂಪು, ನೀಲಿ ಕುರ್ಚಿಗಳನ್ನು ಸೂರಿನವರೆಗೆ ಪೇರಿಸಿಡುತ್ತಾನೆ, ಅದರಲ್ಲಿ ಅನುಮಾನವೇ ಬೇಡ. ಅದನ್ನು ನೆನೆದರೇ ಚೆಕ್ಕೆಗೆ ಊಟ ಸೇರುತ್ತಿರಲಿಲ್ಲ.

ಎರಡು ತಿಂಗಳು ಹಗಲಿಡೀ ದುಡಿದಳು. ಮೆಟ್ಟಿಲು, ಕಟಕಟೆ, ಮೇಲೆ ಸಣ್ಣ ಚಾವಣಿ, ಬೆನ್ನಿಗೆ ಅಗಲವಾದ ಹಲಗೆ. ಆ ಹಲಗೆಯ ಮೇಲೆ ತನ್ನ ಜೀವವನ್ನೆಲ್ಲ ಸುರಿದು ಒಂದು ಪಾರಿವಾಳ ಕೆತ್ತಿದಳು. ತಲೆ ಕೆಳಗೆ, ರೆಕ್ಕೆ ಎರಡೂ ಕಡೆಗೆ ಬಿಚ್ಚಿ, ಬಾಲ ಮೇಲಕ್ಕೆ; ಕೊಕ್ಕಿನ ಕೆಳಗಿಂದ ಧಾರಾಳವಾಗಿ ಇಳಿಯುವ ಬೆಳಕಿನ ಕಿರಣಗಳು. ಅವಳು ಕಂಡ ಪ್ರವಚನ ಪೀಠಗಳಲ್ಲೆಲ್ಲ ಪವಿತ್ರಾತ್ಮನ ಪಾರಿವಾಳ ಇದ್ದೇ ಇತ್ತು. ಅದಿಲ್ಲದಿದ್ದರೆ ಪೀಠಕ್ಕೂ ಅಟ್ಟದ ಏಣಿಗೂ ಏನು ವ್ಯತ್ಯಾಸ?

ಗುರುವಾರ ಬೆಳಿಗ್ಗೆ ಪಾಲಿಶ್ ಮಾಮ ಬಂದ. ಮೂವತ್ತು ವರ್ಷದಿಂದ ಅಲ್ಲೇ ಪಾಲಿಶ್ ಹಚ್ಚುವ ಮುಸಲ್ಮಾನ ಆತ. ಮಗಳ ಬಾಣಂತನಕ್ಕೆಂದು ಎರಡು ತಿಂಗಳು ರಜೆ ಹಾಕಿದ್ದವನು ಅವತ್ತೇ ಹಿಂತಿರುಗಿದ್ದ. ಮಿಂಬರ್ ಮೇಲಿನ ಹೊದಿಕೆ ಎಳೆದವನೇ ತಲೆ ಮೇಲೆ ಕೈಹೊತ್ತು ಕುಳಿತುಬಿಟ್ಟ.

“ಅಯ್ಯೋ ಚೆಕ್ಕೆ! ಇದೇನು ಮಾಡಿಟ್ಟಿದ್ದೀಯೇ?”

“ಯಾಕೆ ಮಾಮ, ಕೊಕ್ಕು ಸೊಟ್ಟ ಆಯ್ತಾ?”

“ಕೊಕ್ಕು ಇರೋದೇ ತಪ್ಪು! ನಾವು ನಮಾಜು ಮಾಡೋ ಕಡೆ ಜೀವ ಇರೋದರ ರೂಪ ಇಡಲ್ಲ. ಹಕ್ಕಿ, ಪ್ರಾಣಿ, ಮನುಷ್ಯ, ಯಾವುದೂ ಇಲ್ಲ. ಮನಸ್ಸು ದೇವರ ಕಡೆ ಬಿಟ್ಟು ಬೇರೆ ಕಡೆ ತಿರುಗಬಾರದು ಅಂತ.”

ಎರಡು ತಿಂಗಳ ಕೆಲಸ ನೀರುಪಾಲಾಯಿತೆಂದು ಚೆಕ್ಕೆಗೆ ತಿಳಿಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! “ನೀನು ದಿನಾ ಇಲ್ಲೇ ಮೂಲೆಯಲ್ಲಿ ಚಾಪೆ ಹಾಸಿ ನಮಾಜು ಮಾಡ್ತೀಯಲ್ಲ? ಪಕ್ಕದಲ್ಲೇ ನಮ್ಮ ಸಂತರ ಪ್ರತಿಮೆ ನಿಂತಿರುತ್ತೆ!”

“ಅದರ ಮೇಲೆ ನಾನು ಬಟ್ಟೆ ಮುಚ್ಚಲ್ವಾ?”

ಮಾಮ ಕೈಕಾಲು, ಮುಖ ತೊಳೆದು ಬಂದು, ಚಾಪೆ ಹಾಸುವ ಮುಂಚೆ ಪಕ್ಕದಲ್ಲಿ ನಿಂತ ಸಂತನಿಗೆ ಬಿಳಿ ಬಟ್ಟೆ ಹೊದಿಸುವುದನ್ನು ಚೆಕ್ಕೆ ಹುಟ್ಟಿದಾಗಿನಿಂದ ನೋಡಿದ್ದಳು. ಮುಗಿದ ಮೇಲೆ ಮಡಚಿ ಎತ್ತಿಡುವುದನ್ನೂ ನೋಡಿದ್ದಳು. “ನಾನು ಧೂಳಿಗೆ ಅಂದ್ಕೊಂಡಿದ್ದೆ, ಮಾಮ,” ಎಂದಳು.

ಮಾಮನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮಾತ್ರ ಅಳು ಬಂತು. ಮೂರು ಗಂಟೆಗೆ ಗಾಡಿ ಬರುತ್ತದೆ, ನಾಳೆ ಮಧ್ಯಾಹ್ನ ಪ್ರವಚನ. ಬೇರೆ ಹಲಗೆ ಕೂರಿಸಲು ಹೊತ್ತೆಲ್ಲಿದೆ? “ಮೇಲೊಂದು ತೆಳು ಹಲಗೆ ಹೊಡೆದು ಮುಚ್ಚಿಬಿಡ್ಲಾ?” ಎಂದಳು.

“ಮುಚ್ಚಿದ್ರೂ ಒಳಗೆ ಅದು ಇದೆ ಅಂತ ನಿನಗೆ ಗೊತ್ತಿರುತ್ತಲ್ಲ ಮಗಳೇ. ಬೇಡ. ಹೋಗಲಿ, ನಿಮಗೆ ಈ ಹಕ್ಕಿ ಅಂದ್ರೆ ಏನು?”

“ಪವಿತ್ರಾತ್ಮ. ತಂದೆ, ಮಗ, ಪವಿತ್ರಾತ್ಮ, ಮೂವರೂ ಸೇರಿ ಒಬ್ಬನೇ ದೇವರು.”

“ನಮಗೆ ದೇವರು ಒಬ್ಬನೇ, ಅಷ್ಟೇ. ಅವನಿಗೆ ಮಗ ಇಲ್ಲ, ಜೊತೆಗಾರ ಇಲ್ಲ. ಪವಿತ್ರಾತ್ಮ ಅಂದ್ರೆ ನಾವು ಜಿಬ್ರೀಲ್ ಅಂತೀವಿ, ದೇವರ ಮಾತು ತರೋ ದೂತ.”

“ಗಬ್ರಿಯೇಲ್! ಮರಿಯಮ್ಮನಿಗೆ ಸುದ್ದಿ ತಂದವನು!”

“ಅವನೇ. ನಮ್ಮಲ್ಲೂ ಸುದ್ದಿ ತಂದವನು ಅವನೇ. ಈಸಾ, ಅಂದ್ರೆ ನಿಮ್ಮ ಯೇಸು, ಅಪ್ಪ ಇಲ್ಲದೆ ಹುಟ್ಟಿದ್ದು ಅಂತ ನಾವೂ ನಂಬ್ತೀವಿ. ದೊಡ್ಡ ಪ್ರವಾದಿ ಅವರು. ಆದ್ರೆ ದೇವರ ಮಗ ಅನ್ನಲ್ಲ. ಶಿಲುಬೆಗೆ ಏರಿಸಿದ್ರು ಅನ್ನೋದನ್ನೂ ಒಪ್ಪಲ್ಲ. ದೇವರು ಮೇಲಕ್ಕೆ ಎತ್ತಿಕೊಂಡ, ಮತ್ತೆ ಬರ್ತಾರೆ.”

“ಮತ್ತೆ ಬರ್ತಾರೆ ಅಂತ ನಾವೂ ಅಂತೀವಿ.”

“ಬರಲಿ. ಅದಕ್ಕೆ ಮುಂಚೆ ಮೂರು ಗಂಟೆಗೆ ಗಾಡಿ ಬರುತ್ತೆ!”

ಕಣ್ಣೊರೆಸಿಕೊಳ್ಳುತ್ತಲೇ ಚೆಕ್ಕೆ ನಕ್ಕಳು. ಮಾಮನಿಗೆ ಮಾತಿನ ಹುಕಿ ಹತ್ತಿತ್ತು. “ಮರ್ಯಮ್, ಅಂದ್ರೆ ನಿಮ್ಮ ಮರಿಯಮ್ಮ, ಅವರ ಹೆಸರಿನದೇ ಒಂದು ಅಧ್ಯಾಯ ಇದೆ ಕುರಾನಿನಲ್ಲಿ. ಹೆರಿಗೆ ನೋವು ಬಂದಾಗ ಪಾಪ, ಒಬ್ಬರೇ. ಖರ್ಜೂರದ ಮರಕ್ಕೆ ಒರಗಿಕೊಂಡು ‘ಇದಕ್ಕಿಂತ ಮೊದಲೇ ಸತ್ತಿದ್ರೆ ಚೆನ್ನಾಗಿತ್ತು’ ಅಂದ್ರಂತೆ. ಆಗ ಮರ ಅಲುಗಿಸು, ಹಣ್ಣು ಬೀಳುತ್ತೆ, ತಿನ್ನು, ಸಮಾಧಾನ ಮಾಡ್ಕೋ ಅಂತ ಕೂಗು ಕೇಳಿಸ್ತು. ನನ್ನ ಮಗಳು ಹೆರಿಗೆ ನೋವಲ್ಲಿ ನರಳ್ತಾ ಇದ್ದಾಗ ನಾನೂ ಹೊರಗೆ ಕೂತು ಅದನ್ನೇ ಓದ್ತಾ ಇದ್ದೆ.”

“ನಮ್ಮಲ್ಲಿ ದನದ ಕೊಟ್ಟಿಗೆ,” ಎಂದ ಚೆಕ್ಕೆ ಅಲ್ಲಿಗೇ ಮಾತು ನಿಲ್ಲಿಸಿದಳು. ಅವಳ ಕಣ್ಣು ಹಲಗೆಯ ಮೇಲೆ ನೆಟ್ಟಿತ್ತು. “ಮಾಮ, ಮರ ಇಡಬಹುದಾ?”

“ಮರ, ಬಳ್ಳಿ, ಎಲೆ, ಎಷ್ಟು ಬೇಕಾದ್ರೂ.”

ಸರಿ, ಉಳಿ ಕೈಗೆ ಬಂತು. ಮೊದಲ ಏಟಿಗೆ ಮಾತ್ರ ಕೈ ಹಿಂಜರಿಯಿತು. ಎರಡು ತಿಂಗಳ ಮುದ್ದಿನ ಕೊಕ್ಕದು, ಸುಮ್ಮನೆ ಹೋಗುತ್ತದೆಯೇ! ಕಣ್ಣು ಮುಚ್ಚಿ ತೆರೆದು ಹೊಡೆದಳು. ಆಮೇಲೆ ತಡೆಯುವವರು ಯಾರು? ಗರಿಗಳ ನಡುವೆ ಸೀಳು ಬಿಟ್ಟಾಗ ರೆಕ್ಕೆಗಳು ಬಾಗಿದ ಖರ್ಜೂರದ ಗರಿಗಳಾದವು. ಬಾಲ ನಡುವಿನ ಸುಳಿಯಾಯಿತು, ದುಂಡನೆಯ ತಲೆ ಹಣ್ಣಿನ ಗೊನೆಯಾಯಿತು. ಕೆಳಗಿಳಿದ ಕಿರಣಗಳಲ್ಲಿ ನಡುವಿನವು ಸೇರಿ ಕಾಂಡವಾದವು, ಅಂಚಿನವನ್ನು ಕೆರೆದು ಹಾಕಿದಳು. ಅವಳು ಮುಗಿಸಿದ ಕಡೆಯಿಂದಲೇ ಮಾಮ ಪಾಲಿಶ್ ಉಜ್ಜುತ್ತ ಬಂದ. ಮಧ್ಯೆ ನಮಾಜಿಗೆ ಎದ್ದವನು ಆವತ್ತು ಎಂದಿಗಿಂತ ಬೇಗ ವಾಪಸಾದ.

ಅಪ್ಪ ಗಾಡಿಯ ಜೊತೆಗೇ ಬಂದ, ಕೈಯಲ್ಲಿ ಯಾವುದೋ ಚೀಲ. ಮಸೀದಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಬೆಂಚಿಲ್ಲ, ಪ್ರತಿಮೆಯಿಲ್ಲ, ಉದ್ದಕ್ಕೂ ಸಾಲು ಸಾಲಾಗಿ ಜಮಖಾನೆ, ಎಲ್ಲ ಒಂದೇ ದಿಕ್ಕಿಗೆ. ಮಿಂಬರನ್ನು ನಿಲ್ಲಿಸಿ ಹೊದಿಕೆ ತೆಗೆದಾಗ ಚೆಕ್ಕೆ ಇಮಾಮರ ಮುಖವನ್ನೇ ನೋಡುತ್ತಿದ್ದಳು. ಇಮಾಮರು ಮೆಟ್ಟಿಲು ಹತ್ತಿ ಇಳಿದರು, ಕಟಕಟೆ ಅಲುಗಿಸಿ ನೋಡಿದರು. ಕೊನೆಗೆ ಹಲಗೆಯ ಮುಂದೆ ನಿಂತರು.

“ಇದು ಮರ್ಯಮ್ ಅವರ ಮರವಾ?”

“ಹೌದು,” ಎಂದಳು ಚೆಕ್ಕೆ.

“ತುಂಬಾ ಚೆನ್ನಾಗಿದೆ ತಾಯಿ,” ಎಂದು ಇಮಾಮರು ನೀರು ತರಿಸಲು ಹೋದರು.

ಅಪ್ಪ ಈಗ ಹತ್ತಿರ ಬಂದ. ಮಗಳ ಕೆಲಸವನ್ನು ಆತ ನೋಡಿದ್ದು ಅದೇ ಮೊದಲು. ಮೂಗು ತಾಗುವಷ್ಟು ಬಗ್ಗಿ, ಎಡಗಡೆಯ ಗರಿಗಳ ಮೇಲೆ ನಡುಗುವ ಬೆರಳಾಡಿಸಿದ.

“ಎಲ್ಲ ಮರ ಆಗಿದೆ. ಈ ಒಂದು ಎಳೆ ಮಾತ್ರ ಇನ್ನೂ ಹಕ್ಕಿ ಪುಕ್ಕ,” ಎಂದ ಮೆಲ್ಲಗೆ.

ಚೆಕ್ಕೆ ತಿರುಗಿ ಇಮಾಮರು ಹೋದ ಬಾಗಿಲ ಕಡೆ ನೋಡಿದಳು. ಅಪ್ಪ ಚೀಲ ತೆರೆದು ತನ್ನ ಉಳಿ ಪೆಟ್ಟಿಗೆ ಹೊರಗೆ ತೆಗೆದು ನೆಲದ ಮೇಲಿಟ್ಟ.

“ಹಾಗೇ ನೋಡ್ತಾ ನಿಂತ್ರೆ ಹೇಗೆ? ನಿನ್ನ ಪೆಟ್ಟಿಗೆ ತೆಗೆದು ಸರಿ ಮಾಡು.”

‘ನಿನ್ನ ಪೆಟ್ಟಿಗೆ’ ಎಂದದ್ದು ಕೇಳಿ ಚೆಕ್ಕೆಯ ಮುಖ ಅರಳಿತು. ಅದರೊಳಗಿಂದ ಸಣ್ಣ ಉಳಿ ಆರಿಸಿ, ಒಂದೇ ಸೀಳಿಗೆ ಆ ಎಳೆಯನ್ನೂ ಮರಕ್ಕೆ ಸೇರಿಸಿದಳು.

ಶನಿವಾರ ಮಧ್ಯಾಹ್ನ ಪಾಲಿಶ್ ಮಾಮ ಕೈಕಾಲು ತೊಳೆದು ಒಳಗೆ ಬಂದ. ಚಾಪೆ ಆಗಲೇ ಹಾಸಿತ್ತು. ಪಕ್ಕದ ಸಂತನ ಮೇಲೆ ಬಿಳಿ ಬಟ್ಟೆ ತಲೆಯಿಂದ ಪಾದದವರೆಗೆ ನೀಟಾಗಿ ಇಳಿದಿತ್ತು.

ಮಾಮ ಚೆಕ್ಕೆಯ ಕಡೆ ನೋಡಿದ. “ಧೂಳಿಗಾ?”

“ಹೂಂ, ಧೂಳಿಗೆ,” ಎಂದು ಅವಳು ಉಳಿ ಮಸೆಯುವುದನ್ನು ನಿಲ್ಲಿಸಿ, ಆತನ ನಮಾಜು ಮುಗಿಯುವವರೆಗೆ ಸದ್ದಿಲ್ಲದೆ ಕುಳಿತಳು.